ಹೆಚ್ಚಾಗಿ ಬಂದುದನ್ನು ಹಿಂದಿರುಗಿಸುವುದು



ಸರಕಾರವು ಬಡವನಿಗೆ ಕೊಡುವ ನೆರವು ಭಿಕ್ಷೆಯಲ್ಲ. ಸಮಾಜವು ತನ್ನದೇ ಒಂದು ಅಂಗಕ್ಕೆ ಸಲ್ಲಿಸುವ ಪಾಲು. ಅದನ್ನು ಪಡೆಯುವುದರಲ್ಲಿ ನಾಚಬೇಕಾದುದೇನೂ ಇಲ್ಲ. ಆದರೆ ಕಾಲ ತಿರುಗಿ ಮನೆಯ ಆದಾಯ ಹೆಚ್ಚಿದ ಮೇಲೂ ಅದೇ ನೆರವು ಖಾತೆಗೆ ಬಂದು ಬೀಳುತ್ತಿದ್ದರೆ, ಅದು ಯಾರ ಪಾಲು? ಈ ಪ್ರಶ್ನೆ ಇಂದು ನಮ್ಮ ಅನೇಕ ಮನೆಗಳ ಬಾಗಿಲಿಗೆ ಬಂದಿದೆ.

ಕಳೆದ ಶ್ರಾವಣದಲ್ಲಿ ಮುಧೋಳ ತಾಲೂಕಿನ ಒಂದು ಗ್ರಾಮದಲ್ಲಿ ಪ್ರವಚನ ಮುಗಿಸಿ ಕುಳಿತಿದ್ದೆ. ಒಬ್ಬ ತಾಯಿ ತಮ್ಮ ಮಗನನ್ನು ಕರೆದುಕೊಂಡು ಬಂದರು. ತಂದೆ ತೀರಿಕೊಂಡ ಮೇಲೆ ಮೂರು ಎಕರೆ ಹೊಲ ಮಗನ ಹೆಸರಿಗೆ ಆಗಿತ್ತು. 2019ರಿಂದ ಕಿಸಾನ್ ಸಮ್ಮಾನ್ ಯೋಜನೆಯ ಹಣ, ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ ಬರುತ್ತಿತ್ತು. 2021ರ ಜೂನ್ ತಿಂಗಳಲ್ಲಿ ಹುಡುಗನಿಗೆ ಸರಕಾರಿ ನೌಕರಿ ದೊರೆಯಿತು. ಆದರೂ ಕಂತು ನಿಲ್ಲಲಿಲ್ಲ. ಆ ವರ್ಷದ ಆಗಸ್ಟ್‌ನಿಂದ 2023ರ ನವೆಂಬರ್‌ವರೆಗೆ ಏಳು ಕಂತು, ಒಟ್ಟು 14,000 ರೂಪಾಯಿ ಬಂದಿತ್ತು. ಈಗ ಅದನ್ನು ಮರಳಿಸಬೇಕೆಂದು ಸೂಚನೆ ಬಂದಿದೆ.

“ಗುರುಗಳ, ನಾ ಏನ ಕಳವು ಮಾಡೇನ್ರಿ? ಅವರ ಹಾಕಿದ್ರು, ಬಂತು. ಈ ಸುದ್ದಿ ಕಚೇರ್ಯಾಗ ಗೊತ್ತಾದ್ರ ನನ್ನ ನೌಕರಿಗಿ ಏನರ ಆದೀತೇನ್ರಿ?” ಎಂದು ಹುಡುಗ ಕೇಳಿದ. ಅವನ ಮುಖದಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು.

ತಾಯಿ ಮೆಲ್ಲಗೆ ಹೇಳಿದರು: “ನೌಕರಿ ಹತ್ತಿದ ಮ್ಯಾಲೆ ಮೊದಲನೇ ಕಂತ ಬಂದಾಗ ನಾ ಕೇಳಿದ್ದೆ, ತಮ್ಮಾ, ಇದು ಇನ್ನೂ ನಮಗ ಬರೋದೈತೇನು ಅಂತ. ಬರತೈತಿ ಬಿಡವ್ವಾ ಅಂದ. ಅಷ್ಟ ನೋಡ್ರಿ ಇವಂದು ತಪ್ಪು.”

ಆ ತಾಯಿಯ ಮಾತಿಗೆ ನಾನು ಸೇರಿಸಬೇಕಾದುದು ಏನೂ ಉಳಿದಿರಲಿಲ್ಲ. ಹಣ ಬಂದುದು ತಪ್ಪಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಬಿಟ್ಟುದು ತಪ್ಪು.

ಐದಕ್ಕಿ ಮಾರಯ್ಯನವರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಮೊದಲಿದ್ದ ಸ್ಥಳಕ್ಕೇ ಸುರಿದು ಬರಲು ಲಕ್ಕಮ್ಮನವರು ಹೇಳಿದರು. ಮಾರಯ್ಯನವರು ಕದ್ದು ತಂದಿರಲಿಲ್ಲ; ನೆಲದ ಮೇಲೆ ಬಿದ್ದುದನ್ನೇ ತಂದಿದ್ದರು. ಆದರೂ ಲಕ್ಕಮ್ಮನವರು ನೋಡಿದ್ದು ಅದು ಹೇಗೆ ಬಂತು ಎಂಬುದನ್ನಲ್ಲ, ತಮಗೆ ಸಲ್ಲುವ ಅಳತೆ ಎಷ್ಟು ಎಂಬುದನ್ನು. ಅದಕ್ಕಾಗಿ ಅವರು ಪತಿಯನ್ನು ಕಳ್ಳನೆಂದು ಜರೆಯಲೂ ಇಲ್ಲ. ಹಿಂದಿರುಗಿಸಿದ ಮೇಲೆ ಆ ಮನೆಯ ಗೌರವ ಹೆಚ್ಚಿತೇ ಹೊರತು ಕುಂದಲಿಲ್ಲ.

ಲೌಕಿಕ ನಿಯಮಗಳಲ್ಲಿ ನಾನು ಪಂಡಿತನಲ್ಲ. ಆದುದರಿಂದ ಕೃಷಿ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಒಬ್ಬ ಭಕ್ತರನ್ನು ಕರೆಸಿ ವಿಚಾರಿಸಿದೆ. ಅವರು ತಿಳಿಸಿದುದು ಎಲ್ಲ ಮನೆಗಳಿಗೂ ಉಪಯುಕ್ತವಾದುದು.

ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ಕುಟುಂಬವೆಂದರೆ ಪತಿ, ಪತ್ನಿ ಮತ್ತು ಅಪ್ರಾಪ್ತ ಮಕ್ಕಳು. ಇವರಲ್ಲಿ ಯಾರಾದರೂ ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದ್ದರೆ, ಸರಕಾರಿ ನೌಕರರಾಗಿದ್ದರೆ, ಅಥವಾ ತಿಂಗಳಿಗೆ 10,000 ರೂಪಾಯಿ ಇಲ್ಲವೆ ಅದಕ್ಕಿಂತ ಹೆಚ್ಚು ನಿವೃತ್ತಿ ವೇತನ ಪಡೆಯುತ್ತಿದ್ದರೆ ಹಣ ಸಲ್ಲದು. ನಾಲ್ಕನೆಯ ದರ್ಜೆಯ ನೌಕರರಿಗೆ ಮಾತ್ರ ಈ ನಿರ್ಬಂಧವಿಲ್ಲ. ಬೆಂಗಳೂರಿನಲ್ಲಿ ದುಡಿಯುವ ವಯಸ್ಕ ಮಗ ತೆರಿಗೆ ಕಟ್ಟಿದನೆಂಬ ಕಾರಣಕ್ಕೆ ಜಮಖಂಡಿಯಲ್ಲಿ ಕಬ್ಬು ಬೆಳೆಯುವ ತಂದೆಯ ಅರ್ಹತೆ ಹೋಗುವುದಿಲ್ಲ. ಆದುದರಿಂದ ಸೂಚನೆ ಬಂದ ಕೂಡಲೆ ಗಾಬರಿಯಾಗದೆ, ಯಾವ ಕಾರಣಕ್ಕೆ, ಯಾವ ಕಂತಿನಿಂದ, ಎಷ್ಟು ಹಣ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಬೇಕು. ಕೊಡಬೇಕಾದುದು ನಿಜವಾದರೆ ಯೋಜನೆಯ ಜಾಲತಾಣದಲ್ಲಿಯೇ ಹಣ ಮರಳಿಸಲು ಅವಕಾಶವಿದೆ. ಯೋಜನೆಯನ್ನು ಸ್ವ ಇಚ್ಛೆಯಿಂದ ಬಿಟ್ಟುಕೊಡಲೂ ಅವಕಾಶವಿದೆ. ಮಧ್ಯವರ್ತಿಯ ಕೈಗೆ ಹಣ ಕೊಡಬಾರದು. ರಶೀದಿಯನ್ನು ಉತಾರದಷ್ಟೇ ಜೋಪಾನವಾಗಿ ಇಡಬೇಕು.

ಬೀಳಗಿ ತಾಲೂಕಿನ ಮುಳುಗಡೆ ಗ್ರಾಮಗಳವರು ಇನ್ನೊಂದನ್ನು ಗಮನಿಸಬೇಕು. ಆಲಮಟ್ಟಿಯ ಹಿನ್ನೀರಿಗೆ ಭೂಮಿ ಹೋಗಿ ಉತಾರದಿಂದ ಹೆಸರು ತೆಗೆದ ಮೇಲೂ ಕಂತು ಬರುತ್ತಿದ್ದರೆ ತಾವಾಗಿಯೇ ತಿಳಿಸುವುದು ಲೇಸು. ಹೊಲದ ಒಡೆತನದ ಮೇಲೆ ಬರುವ ಹಣವದು.

ಆಗ ಆ ತಾಯಿ ಕೇಳಿದರು: “ಹಂಗಾದ್ರ ನಮ್ಮ ರೇಷನ್ ಕಾರ್ಡಿಂದು ಹೆಂಗ್ರಿ? ಅದನ್ನ ಬಿಟ್ರ ನನ್ನ ಗೃಹಲಕ್ಷ್ಮಿ ರೊಕ್ಕಾನೂ ಹೋದೀತು ಅಂತಾರ ಓಣ್ಯಾಗಿನವರು.”

ಈ ಅಂಜಿಕೆಯಿಂದಲೇ ಎಷ್ಟೋ ಮನೆಗಳು ಸತ್ಯವನ್ನು ಮುಚ್ಚಿಡುತ್ತಿವೆ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಚೀಟಿಗೆ ವಾರ್ಷಿಕ ಆದಾಯದ ಮಿತಿ 1 ಲಕ್ಷ 20 ಸಾವಿರ ರೂಪಾಯಿ. ಚೀಟಿಯಲ್ಲಿ ಹೆಸರಿರುವವರಲ್ಲಿ ಸರಕಾರಿ ನೌಕರರಿದ್ದರೆ ಅದು ಸಲ್ಲುವುದಿಲ್ಲ. ಆದರೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಬಿಪಿಎಲ್ ಮನೆಗಳಿಗೆ ಮಾತ್ರ ಸೀಮಿತವಲ್ಲ. ಎಪಿಎಲ್ ಚೀಟಿಯ ಯಜಮಾನಿಯೂ ಅದಕ್ಕೆ ಅರ್ಹಳು. ಆಕೆ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವವರು, ಜಿಎಸ್‌ಟಿ ಸಲ್ಲಿಸುವವರು ಆಗಿರಬಾರದು, ಅಷ್ಟೆ. ಒಂದನ್ನು ಬಿಟ್ಟರೆ ಎಲ್ಲವೂ ಹೋಗುವುದೆಂಬುದು ನಿಜವಲ್ಲ.

ಇಷ್ಟು ಹೇಳಿದ ಮೇಲೆ ಅಧಿಕಾರಿಗಳಿಗೂ ಒಂದು ಮಾತು ಹೇಳದಿದ್ದರೆ ಧರ್ಮವಾಗದು. ನಮ್ಮ ಸೀಮೆಯ ಆದಾಯ ತಿಂಗಳ ಸಂಬಳದಂತೆ ಸಮನಾಗಿ ಬರುವುದಲ್ಲ. ಕಬ್ಬಿನ ಬಿಲ್ಲು ಒಮ್ಮೆಲೆ ಬಂದು ಸಾಲಕ್ಕೆ ಹೋಗುತ್ತದೆ. ರಬಕವಿ-ಬನಹಟ್ಟಿಯ ನೇಕಾರನಿಗೆ ಸೀರೆ ಮಾರಿದ ತಿಂಗಳು ಕೂಲಿ, ಮಗ್ಗ ನಿಂತ ತಿಂಗಳು ಉಪವಾಸ. ಒಂದು ತಿಂಗಳ ಲೆಕ್ಕ ಹಿಡಿದು ಬಡವನನ್ನು ಸಿರಿವಂತನೆಂದರೆ ಅನ್ಯಾಯವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಇಂಥದೇ ನಡೆಯಿತು. ವರ್ಷದ ಆದಾಯವನ್ನು ಹದಿನೈದು ದಿನಗಳಿಗೊಮ್ಮೆ ಸಮನಾಗಿ ಬಂದಂತೆ ಗಣಕಯಂತ್ರವು ಭಾಗಿಸಿ, ಕೊಡಬೇಕಿಲ್ಲದ ಬಡವರ ಮೇಲೂ ಸಾಲ ಹೊರಿಸಿತು. 2019ರಲ್ಲಿ ಅಲ್ಲಿಯ ನ್ಯಾಯಾಲಯದಲ್ಲಿ ಅದು ಕಾನೂನುಬಾಹಿರವೆಂದಾಯಿತು; ಸರಕಾರವೇ ಜನರಿಗೆ ಹಣ ಮರಳಿಸಬೇಕಾಯಿತು. ನಮ್ಮ ರಾಜ್ಯದಲ್ಲಿಯೂ 2024ರ ನವೆಂಬರ್‌ನಲ್ಲಿ ಅನರ್ಹರ ಚೀಟಿಗಳನ್ನು ತೆಗೆಯುವಾಗ ಅರ್ಹರ ಚೀಟಿಗಳೂ ಹೋಗಿ, ಸರಕಾರ ಅವನ್ನು ಮರಳಿ ಕೊಡಬೇಕಾಗಿ ಬಂದಿತು.

ನಮ್ಮ ಸರ್ವೋಚ್ಚ ನ್ಯಾಯಾಲಯ 2014ರ ಡಿಸೆಂಬರ್ 18ರಂದು, ರಫೀಕ್ ಮಸೀಹ್ ಪ್ರಕರಣದಲ್ಲಿ, ಕಚೇರಿಯ ತಪ್ಪಿನಿಂದ ಹೆಚ್ಚು ವೇತನ ಪಡೆದ ಕೆಳದರ್ಜೆಯ ನೌಕರರಿಂದ ಹಾಗೂ ನಿವೃತ್ತರಿಂದ ಅದನ್ನು ವಸೂಲು ಮಾಡಲಾಗದೆಂದು ಹೇಳಿತು. ಅದು ವೇತನದ ಮಾತು. ಕಿಸಾನ್ ಸಮ್ಮಾನ್ ಮುಂತಾದವುಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಅದರ ಒಳಗಿರುವ ವಿವೇಕ ಎಲ್ಲೆಡೆಗೂ ಬೇಕಾದುದು: ಮುಚ್ಚಿಟ್ಟವನು ಬೇರೆ, ತಿಳಿಯದೆ ಉಂಡವನು ಬೇರೆ. ಉಂಡು ಮುಗಿದ ವಿಧವೆಯನ್ನೂ ಸಂಬಳದ ನೌಕರನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಒಮ್ಮೆಲೆ ಕೊಡಲಾಗದವರು ಮನೆಯ ಸ್ಥಿತಿಯನ್ನು ತಿಳಿಸಿ, ಕಂತುಗಳಲ್ಲಿ ಕಟ್ಟಲು ಅನುಮತಿ ಬೇಡಿ ಲಿಖಿತ ಅರ್ಜಿ ಕೊಡಬೇಕು. ಬೇಡುವುದರಲ್ಲಿ ಅಪಮಾನವಿಲ್ಲ, ಮೌನವಾಗಿದ್ದರೆ ಮಾತ್ರ ಸಂಶಯ ಬೆಳೆಯುತ್ತದೆ.

ಆ ಹುಡುಗ ಮರುವಾರ ಹಣ ಕಟ್ಟಿ, ರಶೀದಿ ಹಿಡಿದುಕೊಂಡು ಬಂದ. ಚೀಟಿ ಬದಲಿಸಲು ಆಹಾರ ಇಲಾಖೆಗೆ ಅರ್ಜಿಯನ್ನೂ ಕೊಟ್ಟಿದ್ದ. “ಎದಿ ಹಗುರಾತ್ರಿ” ಎಂದ. ಅವನ ತಾಯಿ ಏನೂ ಹೇಳಲಿಲ್ಲ. ರಶೀದಿಯನ್ನು ಮಗನ ಕೈಯಿಂದ ತೆಗೆದುಕೊಂಡು, ಮಡಿಚಿ, ಸೆರಗಿನಲ್ಲಿ ಕಟ್ಟಿಕೊಂಡರು.

ಬಂಧುಗಳೇ, ಕಷ್ಟ ಬಂದ ದಿನ ನೆರವು ಕೇಳಲು ಕಚೇರಿಗೆ ಹೋದ ಕಾಲುಗಳೇ, ಸುಖ ಬಂದ ದಿನ ಅದನ್ನು ತಿಳಿಸಲೂ ಹೋಗಲಿ. ನಾವು ಬಿಟ್ಟ ಪಾಲು ಇನ್ನೊಂದು ಮನೆಯ ಒಲೆಗೆ ಸಲ್ಲಲಿ. ಇದೂ ದಾಸೋಹವೇ.