ಈ ಸಲದ ಮದುವೆಗೆ ಹಳೇ ಸೀರೆ ಉಟ್ಟು ಬನ್ನಿ

ಪ್ರತಿ ಕುಟುಂಬದಲ್ಲೂ ನಾಲ್ಕು ಕಾಸು ಹೆಚ್ಚಿಗೆ ಇರುವವರು ಯಾರಾದರೂ ಇದ್ದೇ ಇರುತ್ತಾರೆ. ಬೆಂಗಳೂರಿನಲ್ಲಿ ಸ್ವಂತ ಮನೆ ಕಟ್ಟಿಸಿದ ದೊಡ್ಡಮ್ಮ, ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣ-ಅತ್ತಿಗೆ, ಡಿಸೆಂಬರ್ ರಜೆಗೆ ಅಮೆರಿಕದಿಂದ ಬಂದು ಹೋಗುವ ಚಿಕ್ಕಪ್ಪನ ಮಕ್ಕಳು, ಅಡಿಕೆಗೆ ರೇಟು ಬಂದ ವರ್ಷ ಕಾರು ಬದಲಿಸಿದ ಸೋದರಮಾವ. ಈ ಬರಹ ಅವರಿಗೆ. ಅಂದರೆ, ಬಹುಶಃ, ನಿಮಗೆ.

ಒಂದು ವರ್ಷ ಹೊಸ ಬಟ್ಟೆ ಕೊಳ್ಳುವುದನ್ನು ನಿಲ್ಲಿಸಿ. ನಿಮ್ಮ ದುಡ್ಡು ಉಳಿಯಲಿ ಎಂದು ಕೇಳುತ್ತಿಲ್ಲ. ಉಳಿದರೆ ಸಂತೋಷ, ಉಳಿಯದಿದ್ದರೂ ನಿಮ್ಮ ಮನೆ ನಡೆಯುತ್ತದೆ. ನೀವು ನಿಲ್ಲಿಸಿದರೆ ಉಳಿಯುವುದು ನಿಮ್ಮ ತಂಗಿಯ ದುಡ್ಡು. ಇವತ್ತು ನೀವು ಉಡುವ ಹೊಸ ಸೀರೆಯ ಕಂತನ್ನು ಕಟ್ಟುತ್ತಿರುವವಳು ಅವಳು.

ಹೇಗೆ ಎನ್ನುತ್ತೀರಾ? ನಿಮ್ಮ ಮಗನ ಮದುವೆ. ಅರಿಶಿನ ಶಾಸ್ತ್ರಕ್ಕೆ ಮನೆಯವರೆಲ್ಲ ಹಳದಿ ಉಡಬೇಕು ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದಿರಿ. ಮೆಹಂದಿಗೆ ಹಸಿರು. ಆರತಕ್ಷತೆಗೆ ಗಂಡಸರಿಗೆಲ್ಲ ಒಂದೇ ಬಣ್ಣದ ಕುರ್ತಾ. ಮುಹೂರ್ತಕ್ಕೆ ಹೇಗೂ ರೇಷ್ಮೆ. ಒಂದು ತಲೆಮಾರಿನ ಹಿಂದೆ ನಮ್ಮ ಹೆಚ್ಚಿನ ಮನೆಗಳಲ್ಲಿ ಮೆಹಂದಿ ಎಂಬ ಶಾಸ್ತ್ರವೇ ಇರಲಿಲ್ಲ. ಸಿನಿಮಾದಿಂದ ಇಳಿದು ಬಂದದ್ದು ಈಗ ಪುರೋಹಿತರೂ ಪ್ರಶ್ನಿಸದ ಶಾಸ್ತ್ರವಾಗಿ ಕೂತಿದೆ. ನಿಮಗೆ ಅದು ಖುಷಿ, ಫೋಟೋಗೂ ಚೆನ್ನ. ತಾಲ್ಲೂಕು ಕೇಂದ್ರದಲ್ಲಿ ಖಾಸಗಿ ಶಾಲೆಯ ಸಂಬಳದಲ್ಲಿ ಸಂಸಾರ ತೂಗಿಸುತ್ತಿರುವ ನಿಮ್ಮ ತಂಗಿ ಆ ಸಂದೇಶಕ್ಕೆ ಒಂದು ಇಮೋಜಿ ಹಾಕಿ ಫೋನು ಕೆಳಗಿಡುತ್ತಾಳೆ. ಅವಳಿಗೆ ಹಳದಿ ಸೀರೆ ಇಲ್ಲ. ಗಂಡನಿಗೆ ಕುರ್ತಾ ಇಲ್ಲ. ಇಬ್ಬರು ಮಕ್ಕಳಿಗೆ ಮೂರು ಬಣ್ಣದಲ್ಲಿ ಆಗಬೇಕು.

ಸೀರೆಯ ಬೆಲೆ ಸೀರೆಯಲ್ಲೇ ಮುಗಿಯುವುದಿಲ್ಲ ಎಂಬುದು ಹೆಂಗಸರಿಗೆಲ್ಲ ಗೊತ್ತು. ಫಾಲು, ಜಿಗ್‌ಜಾಗ್, ಕುಚ್ಚು, ಲೈನಿಂಗ್ ಕೊಟ್ಟು ಹೊಲಿಸಿದ ಬ್ಲೌಸು. ಆರಿ ವರ್ಕ್ ಬೇಕೆಂದರಂತೂ ಸಾವಿರದ ಸೀರೆಗೆ ಎರಡು ಸಾವಿರದ ಬ್ಲೌಸು. ಮೂರು ದಿನದ ಒಂದು ಮದುವೆಗೆ ಒಂದು ಸಾಧಾರಣ ಮನೆಯಿಂದ ಹತ್ತು-ಹದಿನೈದು ಸಾವಿರ ಬಟ್ಟೆಗೇ ಹೋಗುವುದು ಈಗ ಯಾರಿಗೂ ಆಶ್ಚರ್ಯದ ಸುದ್ದಿಯಲ್ಲ. ಅದು ಎಲ್ಲಿಂದ ಬರುತ್ತದೆ? ಚೀಟಿ ಎತ್ತುತ್ತಾರೆ. ಸಂಘದಲ್ಲಿ ಸಾಲ ತೆಗೆಯುತ್ತಾರೆ. ಫೋನಿನಲ್ಲೇ 'ಈಗ ಕೊಳ್ಳಿ, ಆಮೇಲೆ ಕಟ್ಟಿ' ಎಂಬ ಗುಂಡಿ ಒತ್ತುತ್ತಾರೆ. ಕಿರುಸಾಲದವರ ಕಾಟ ತಾಳದೆ ಜನ ಊರು ಬಿಟ್ಟ, ಜೀವ ಬಿಟ್ಟ ಸುದ್ದಿಗಳು ಸಾಲುಗಟ್ಟಿ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲವೆಲ್ಲ ಬಟ್ಟೆಗೆ ಹೋಯಿತೆಂದು ನಾನು ಹೇಳುವುದಿಲ್ಲ. ಆಸ್ಪತ್ರೆ, ಬೋರ್‌ವೆಲ್, ಮಕ್ಕಳ ಫೀಸು, ಕಾರಣ ನೂರು. ಆದರೆ ಆ ನೂರರಲ್ಲಿ ನಾವು ಸುಮ್ಮನೆ ತಂದು ಸೇರಿಸಿದವೂ ಕೆಲವು ಇವೆ. ಆಸ್ಪತ್ರೆಯ ಬಿಲ್ಲನ್ನು ನಾವು ಇಳಿಸಲಾರೆವು. ಹಳದಿ ಬಣ್ಣದ ಕಟ್ಟಳೆಯನ್ನು ಇವತ್ತೇ ಇಳಿಸಬಹುದು.

ಇಷ್ಟಕ್ಕೂ ನಿಮ್ಮ ತಂಗಿಯನ್ನು ಅಂಗಡಿಗೆ ಅಟ್ಟುವುದು ಯಾವುದು? ಜಾಹೀರಾತೇ? ಚಿಕ್ಕಪೇಟೆಯ ಅಂಗಡಿಯವರೇ? ಅವರ ಪಾಲು ಇದೆ, ಇರಲಿ. ಆದರೆ ನಿಜವಾದ ಚಾಟಿ ಇರುವುದು ಛತ್ರದ ಊಟದ ಪಂಕ್ತಿಯಲ್ಲಿ. 'ಇದೇ ಅಲ್ವೇನೇ ನೀನು ಸುಮಾ ಮದುವೆಗೂ ಉಟ್ಟಿದ್ದು?' ಕೇಳಿದವರಿಗೆ ಅದು ಮಾತಿಗೊಂದು ಮಾತು. ಕೇಳಿಸಿಕೊಂಡವಳು ಮುಂದಿನ ಮದುವೆಯ ಕರೆಯೋಲೆ ಕೈಗೆ ಬಂದ ಕೂಡಲೇ ಆ ಮಾತನ್ನು ನೆನೆಯುತ್ತಾಳೆ. ಮೊದಲು ನೆನಪಿನ ಶಕ್ತಿ ಇದ್ದ ಒಬ್ಬಿಬ್ಬರು ಅತ್ತೆಯರಷ್ಟೇ ಈ ಲೆಕ್ಕ ಇಡುತ್ತಿದ್ದರು. ಈಗ ಸ್ಟೇಟಸ್ಸಿನಲ್ಲಿ, ಆಲ್ಬಮ್ಮಿನಲ್ಲಿ ಎಲ್ಲ ದಾಖಲಾಗಿ ಕೂತಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬಡವರನ್ನು ಆಡಿಕೊಳ್ಳುವ ಗಾದೆ ನಮ್ಮಲ್ಲಿದೆ. ಬರಿಯ ಜುಟ್ಟು ಕಂಡಾಗ ನಾವು ಏನು ಅಂದೆವು ಎಂಬುದಕ್ಕೆ ಗಾದೆ ಇಲ್ಲ.

ಇಲ್ಲಿ ಒಂದು ಅನ್ಯಾಯದ ಲೆಕ್ಕವಿದೆ. ನೀವು ಹಳೇ ಸೀರೆ ಉಟ್ಟು ಬಂದರೆ 'ಅಷ್ಟಿದ್ದರೂ ಎಷ್ಟು ಸರಳ ನೋಡಿ' ಅನ್ನುತ್ತಾರೆ. ನಿಮ್ಮ ತಂಗಿ ಅದೇ ಮಾಡಿದರೆ 'ಪಾಪ, ಕಷ್ಟ ಇರಬೇಕು' ಅನ್ನುತ್ತಾರೆ. ಸರಳತೆ ಎಂಬ ಹೆಸರು ಉಳ್ಳವರಿಗೆ ಮಾತ್ರ ಸಿಗುತ್ತದೆ. ಆದ್ದರಿಂದಲೇ ಉಳಿತಾಯದ ಉಪದೇಶವನ್ನು ಬಡ ನೆಂಟರಿಗೆ ಮಾಡುವುದು ಕ್ರೌರ್ಯ. ಅವಳು ಒಬ್ಬಳೇ ನಿಲ್ಲಿಸಲಾರಳು. ನೀವು ನಿಲ್ಲಿಸಬಲ್ಲಿರಿ. ನೀವು ಒಮ್ಮೆ ನಿಲ್ಲಿಸಿದರೆ ಅವಳಿಗೂ ಮರ್ಯಾದೆಯಿಂದ ನಿಲ್ಲಿಸುವ ದಾರಿ ತೆರೆಯುತ್ತದೆ.

ಇನ್ನು ಉಡುಗೊರೆಯ ವಿಚಾರ. ನಮ್ಮ ಕಪಾಟುಗಳಲ್ಲಿ ಯಾರೂ ಎಂದೂ ಹೊಲಿಸದ ರವಿಕೆ ಕಣಗಳ ಕಟ್ಟು ಇದೆ. ಅರಿಶಿನ-ಕುಂಕುಮಕ್ಕೆ ಬಂದದ್ದು ವರಮಹಾಲಕ್ಷ್ಮಿಗೆ ಇನ್ನೊಬ್ಬರ ಮಡಿಲು ಸೇರಿ, ಅಲ್ಲಿಂದ ಸೀಮಂತಕ್ಕೆ ಹೋಗಿ, ಒಮ್ಮೊಮ್ಮೆ ಮಡಿಕೆ ಬಿಚ್ಚದೆ ನಮ್ಮ ಮನೆಗೇ ತಿರುಗಿ ಬರುತ್ತದೆ. ಗಂಡಸರ ಪ್ಯಾಂಟ್ ಪೀಸು, ಶರ್ಟ್ ಪೀಸುಗಳ ಕಥೆಯೂ ಇದೇ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಆಯೇರಿ ಮಾಡುವುದಕ್ಕೆಂದೇ, ಅಂದರೆ ನೆಂಟರಿಗೆ ಉಡುಗೊರೆ ಕೊಡುವುದಕ್ಕೆಂದೇ, ಟಾವೆಲ್ಲು, ಟೋಪಿ, ಸೀರೆಗಳನ್ನು ಸಗಟಾಗಿ ತರುತ್ತಾರೆ. ಉಡಲು ಬಾರದ, ಕೊಡಲಷ್ಟೇ ಬರುವ ಸೀರೆ ಅದು ಎಂಬುದು ಮಾರುವವನಿಗೂ ಗೊತ್ತು, ಕೊಡುವವರಿಗೂ ಗೊತ್ತು, ಕೈಚಾಚಿ ತೆಗೆದುಕೊಳ್ಳುವವರಿಗೂ ಗೊತ್ತು. ಇಷ್ಟು ಜನಕ್ಕೆ ಗೊತ್ತಿದ್ದೂ ನಡೆಯುವ ಸುಳ್ಳು ಬೇರೆ ಯಾವುದಿದೆಯೋ ಕಾಣೆ. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ಹೊಸತರಲ್ಲಿ ಸಿದ್ದರಾಮಯ್ಯನವರು ಇನ್ನು ಹಾರ, ಶಾಲು ಬೇಡ, ಕೊಡಲೇಬೇಕೆಂದರೆ ಪುಸ್ತಕ ಕೊಡಿ ಎಂದು ಕೇಳಿಕೊಂಡರು. ಸನ್ಮಾನದ ಶಾಲಿನಿಂದ ಚಳಿ ಬಿಡಿಸಿಕೊಂಡವರನ್ನು ನಾನಂತೂ ನೋಡಿಲ್ಲ, ಆದ್ದರಿಂದ ಆ ಮಾತು ಇಷ್ಟವಾಯಿತು. ಮುಖ್ಯಮಂತ್ರಿ ಬೇಡ ಅನ್ನಬಹುದಾದರೆ ಮದುಮಗನ ಅಪ್ಪನೂ ಅನ್ನಬಹುದು.

ಈಗ ಬಟ್ಟೆ ಹೊಲಿಯುವವರ ಕಡೆ ತಿರುಗಿ ನೋಡಿ. 2016ರ ಏಪ್ರಿಲ್ 18ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಮಾರನೇ ದಿನ ತುಮಕೂರು ರಸ್ತೆಯ ಕಡೆಗೂ ಅದು ಹಬ್ಬಿತು. ಕರೆ ಕೊಟ್ಟ ದೊಡ್ಡ ನಾಯಕರಿರಲಿಲ್ಲ. ಅವರು ಸಂಬಳ ಹೆಚ್ಚಿಸಿ ಎಂದು ಬೀದಿಗೆ ಬಂದಿರಲಿಲ್ಲ. ಅವರು ಕೇಳಿದ್ದು ತಮ್ಮ ಉಳಿತಾಯವನ್ನು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಬಂದಿತ್ತು. ಮಗಳ ಮದುವೆ, ಮಗನ ಕಾಲೇಜು, ಊರಲ್ಲೊಂದು ಚೂರು ಸೈಟು, ಎಲ್ಲವೂ ಅವರಿಗೆ ಆ ಪಿ.ಎಫ್. ದುಡ್ಡಿನ ಮೇಲೆಯೇ ನಿಂತಿತ್ತು. ಲಾಠಿ ಬಿತ್ತು, ಬಸ್ಸುಗಳು ಸುಟ್ಟುಹೋದವು. ಏಪ್ರಿಲ್ 19ರ ಸಂಜೆಯ ಹೊತ್ತಿಗೆ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಕನಿಷ್ಠ ವೇತನದ ಆಸುಪಾಸಿನ ಸಂಬಳದಲ್ಲಿ, ಗಂಟೆಗೆ ಇಷ್ಟು ಪೀಸು ಎಂಬ ಪ್ರೊಡಕ್ಷನ್ ಒತ್ತಡದಲ್ಲಿ ನಮ್ಮ ನಿಮ್ಮ ಅಂಗಿಗೆ ಕಾಲರ್ ಕೂರಿಸುವ ಹೆಣ್ಣುಮಕ್ಕಳು ಉಳಿಸಿದ ಒಂದೊಂದು ರೂಪಾಯಿಗೂ ಬೀದಿಯಲ್ಲಿ ಪೆಟ್ಟು ತಿಂದರು. ನಾವು ಅವರು ಹೊಲಿದ ಅಂಗಿಯನ್ನು ಮೂರಕ್ಕೆ 999 ಎಂದು ತರಿಸಿಕೊಂಡು, ಒಂದನ್ನು ಹಾಕಿಕೊಂಡು, ಎರಡನ್ನು ಚೀಲದಲ್ಲೇ ಮರೆಯುತ್ತೇವೆ.

ಉಳಿತಾಯದ ಅಭ್ಯಾಸ ನಮ್ಮ ಕೈಬಿಟ್ಟು ಹೋಗುತ್ತಿರುವುದು ಬರೀ ನನ್ನ ಕೊರಗಲ್ಲ. ರಿಸರ್ವ್ ಬ್ಯಾಂಕಿನ ಅಂಕಿಗಳ ಪ್ರಕಾರ ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ 2020-21ರಲ್ಲಿ ಜಿಡಿಪಿಯ ಶೇ 11ಕ್ಕಿಂತ ಹೆಚ್ಚಿದ್ದದ್ದು 2022-23ರಲ್ಲಿ ಶೇ 5ರ ಆಸುಪಾಸಿಗೆ ಕುಸಿಯಿತು. ಲಾಕ್‌ಡೌನ್ ವರ್ಷದಲ್ಲಿ ಖರ್ಚಿಗೆ ದಾರಿಯೇ ಇರಲಿಲ್ಲ, ನಿಜ. ಆದರೂ ಅಷ್ಟು ಕೆಳಗೆ ಅದು ಹಲವು ದಶಕಗಳಲ್ಲಿ ಇಳಿದಿರಲಿಲ್ಲ. ಇನ್ನೊಂದು ಕಡೆಯಿಂದ ನೋಡಿ: ಅಂಚೆ ಕಚೇರಿಯ ಆರ್.ಡಿ.ಯಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಹಾಕುತ್ತ ಹೋದರೆ, ಶೇ 6.7ರ ಬಡ್ಡಿಯಲ್ಲಿ ಐದು ವರ್ಷಕ್ಕೆ 71,000 ರೂಪಾಯಿ ದಾಟುತ್ತದೆ. ವರ್ಷಕ್ಕೆ ಹನ್ನೆರಡು ಸಾವಿರ ಎಂದರೆ ಒಂದು ಮದುವೆಯ ಬಟ್ಟೆ. ನಿಮ್ಮ ತಂಗಿಯ ಮಗಳ ಪಿಯುಸಿ ಮುಗಿಯುವ ಹೊತ್ತಿಗೆ ಕಾಲೇಜಿಗೆ ಕಟ್ಟಲು ಅಷ್ಟು ಕೈಯಲ್ಲಿರುವುದಕ್ಕೂ, ಮತ್ತೆ ನಿಮ್ಮ ಮನೆ ಬಾಗಿಲಿಗೆ ಬಂದು ಹೇಗೆ ಕೇಳುವುದೆಂದು ಸಂಕೋಚಪಡುವುದಕ್ಕೂ ಎಷ್ಟು ಅಂತರವಿದೆ ಎಂದು ನೀವೇ ಯೋಚಿಸಿ.

ಬಟ್ಟೆಗೂ ಒಂದು ಬಾಳು ಇತ್ತು ನಮ್ಮಲ್ಲಿ. ಅಜ್ಜಿಯ ಹತ್ತಿ ಸೀರೆ ಹಬ್ಬಕ್ಕೆ ಶುರುವಾಗಿ, ಮನೆಯುಡುಗೆಯಾಗಿ, ಮೆತ್ತಗಾದ ಮೇಲೆ ಮಗುವಿನ ಜೋಲಿಯಾಗಿ, ಹಾಸುವ ಬಟ್ಟೆಯಾಗಿ, ಪದರ ಪದರ ಸೇರಿ ಕೌದಿಯಾಗಿ, ಕೊನೆಗೆ ಒಲೆಯ ಪಕ್ಕದ ಮಸಿಬಟ್ಟೆಯಾಗಿ ಸವೆಯುತ್ತಿತ್ತು. ಬೆಳೆಯುವ ಹುಡುಗಿಯ ಲಂಗಕ್ಕೆ ದರ್ಜಿ ಒಳಗೆ ಮಡಿಕೆ ಬಿಟ್ಟೇ ಹೊಲಿಯುತ್ತಿದ್ದ. ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಲಂಗವೂ ಹುಡುಗಿಯ ಜತೆ ಬೆಳೆಯುತ್ತಿತ್ತು. ಅಣ್ಣನ ಚಡ್ಡಿ ತಮ್ಮನಿಗೆ ಬರುವುದು ಅವಮಾನವಾಗಿರಲಿಲ್ಲ, ಸರದಿಯಾಗಿತ್ತು. ಇವತ್ತಿನ ಜಾರ್ಜೆಟ್ ಸೀರೆ ಏನಾಗುತ್ತದೆ? ಜೋಲಿ ಕಟ್ಟಿದರೆ ಜಾರುತ್ತದೆ. ನೆಲ ಒರೆಸಿದರೆ ನೀರು ಹೀರುವುದಿಲ್ಲ. ಬಿಸಿ ಪಾತ್ರೆ ಹಿಡಿದರೆ ಕರಗಿ ಕೈಗೆ ಮೆತ್ತಿಕೊಳ್ಳುತ್ತದೆ. ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಕೂಡ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ ಪಕ್ಕಕ್ಕೆ ತಳ್ಳುತ್ತಾಳೆ. ಎರಡು ಮದುವೆಗೆ ಉಟ್ಟ ಮೇಲೆ ಕಸದ ಗಾಡಿಯ ಹೊರತು ಅದಕ್ಕೆ ಬೇರೆ ಗತಿ ಇಲ್ಲ.

ನಾವು ಕೊಳ್ಳದಿದ್ದರೆ ನೇಕಾರರ ಗತಿ ಏನು ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ಆದರೆ ಕೇಳುವವರ ಕಪಾಟು ತೆರೆದು ನೋಡಿದರೆ ಅದರಲ್ಲಿ ನೇಕಾರರ ಪಾಲು ಎಷ್ಟಿದೆ? 2019-20ರ ಕೈಮಗ್ಗ ಗಣತಿಯಲ್ಲಿ ದೇಶದ ಮೂರನೇ ಎರಡರಷ್ಟು ನೇಕಾರ ಕುಟುಂಬಗಳ ತಿಂಗಳ ಆದಾಯ ಐದು ಸಾವಿರಕ್ಕಿಂತ ಕಡಿಮೆ ಎಂದು ಕಂಡುಬಂತು. ನಾವೆಲ್ಲ ಹುಚ್ಚೆದ್ದು ಬಟ್ಟೆ ಕೊಳ್ಳುತ್ತಿದ್ದ ವರ್ಷಗಳಲ್ಲೇ ಅವರು ಆ ಸ್ಥಿತಿಯಲ್ಲಿ ಇದ್ದದ್ದು. ನಮ್ಮ ಕೊಳ್ಳುವ ಭರಾಟೆ ಅವರನ್ನು ಸಾಕಲಿಲ್ಲ. ಪ್ರಿಂಟ್ ಹಾಕಿದ ನಕಲಿ ಇಳಕಲ್ಲನ್ನು ಸಾಕಿತು. ವರ್ಷ ಮುಗಿದ ಮೇಲೆ ಉಳಿದ ದುಡ್ಡಲ್ಲಿ ಒಂದೇ ಒಂದು ಸೀರೆ ತೆಗೆಯಿರಿ: ಇಳಕಲ್ಲಿನ ಮಗ್ಗದಿಂದ, ಮೊಳಕಾಲ್ಮೂರಿನಿಂದ, ಅಥವಾ ಹತ್ತು ವರ್ಷದ ಹಿಂದೆ ಇನ್ನೇನು ಹೋಯಿತು ಎಂಬಂತಿದ್ದ ಉಡುಪಿ ಸೀರೆಯನ್ನು ಎತ್ತಿ ನಿಲ್ಲಿಸಿದ ಕಿನ್ನಿಗೋಳಿ ಕಡೆಯ ತಾಳಿಪಾಡಿ ನೇಕಾರರ ಸಂಘದಿಂದ. ಪೂರ್ತಿ ಬೆಲೆ ಕೊಟ್ಟು, ಚೌಕಾಸಿ ಮಾಡದೆ ತೆಗೆಯಿರಿ. ಹಾಗೆಂದು ಕೈಮಗ್ಗದ ಹೆಸರಿನಲ್ಲಿ ಮತ್ತೆ ಕಪಾಟು ತುಂಬಿಸಲು ಹೊರಟರೆ ಅದೂ ಅದೇ ಚಟ, ಬಣ್ಣ ಮಾತ್ರ ಬೇರೆ.

ಮಧುರೆಯಲ್ಲಿ 1921ರ ಸೆಪ್ಟೆಂಬರ್ 22ರಂದು ಗಾಂಧೀಜಿ ಅಂಗಿ-ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದದ್ದು ಎಲ್ಲರಿಗೂ ಗೊತ್ತು. ವಿದೇಶಿ ಬಟ್ಟೆ ಬಿಡಿ ಎಂದರೆ ಖಾದಿ ಕೊಳ್ಳಲು ನಮ್ಮ ಹತ್ತಿರ ದುಡ್ಡೆಲ್ಲಿದೆ ಎಂದು ಬಡವರು ಕೇಳಿದ್ದರು. ಅದಕ್ಕೆ ಅವರು ಬರೀ ಮಾತಿನಲ್ಲಿ ಉತ್ತರಿಸಲಿಲ್ಲ, ತಾವು ಕಡಿಮೆ ಉಟ್ಟು ಉತ್ತರಿಸಿದರು. ಮೊದಲು ಅವರು ಹಾಕಿಕೊಂಡ ಗಡುವು ಕನಿಷ್ಠ ಅಕ್ಟೋಬರ್ 31ರವರೆಗೆ, ಸುಮಾರು ಐದೂವರೆ ವಾರ. ನಾನು ನಿಮ್ಮ ಅಂಗಿ ಬಿಚ್ಚಲು ಹೇಳುತ್ತಿಲ್ಲ. ಇರುವ ಅಂಗಿಯನ್ನೇ ಹಾಕಿಕೊಳ್ಳಿ ಎನ್ನುತ್ತಿದ್ದೇನೆ.

ಈ ಒಂದು ವರ್ಷದಲ್ಲೂ ಒಳಉಡುಪು ಕೊಳ್ಳಿ. ಬೆಳೆಯುವ ಮಕ್ಕಳಿಗೆ, ಶಾಲೆಯ ಸಮವಸ್ತ್ರಕ್ಕೆ ತಡೆ ಹಾಕಬೇಡಿ. ಹರಿದದ್ದಕ್ಕೆ ರಫೂ ಮಾಡಿಸಿ, ಬಿಗಿಯಾದದ್ದನ್ನು ಬೀದಿಯ ಕೊನೆಯಲ್ಲಿ ಮೆಷಿನ್ ಇಟ್ಟುಕೊಂಡ ಆಲ್ಟ್ರೇಷನ್ ದರ್ಜಿಗೆ ಕೊಡಿ. ಅವನ ಅನ್ನವೂ ಬಟ್ಟೆಯದೇ. ಮತ್ತು ದಯವಿಟ್ಟು ಈ ವ್ರತವನ್ನು ಮನೆಗೆಲಸಕ್ಕೆ ಬರುವವಳ ಮೇಲೆ ಹೇರಬೇಡಿ. ವರ್ಷಕ್ಕೆ ಒಂದೇ ಜತೆ ಹೊಸ ಬಟ್ಟೆ ಕಾಣುವವರಿಗೆ ಯುಗಾದಿಯ ಅಂಗಿ, ದೀಪಾವಳಿಯ ಸೀರೆ ಹಕ್ಕು. ನೀವು ಒಂದು ವರ್ಷ ನಿಲ್ಲಿಸಿದ್ದೀರಿ ಎಂಬ ಕಾರಣಕ್ಕೆ ಅವಳ ಹಬ್ಬದ ಸೀರೆ ತಪ್ಪಿದರೆ ಈ ಬರಹವನ್ನು ಹರಿದುಹಾಕುವುದೇ ಮೇಲು.

ಮುಂದಿನ ಶುಭಕಾರ್ಯ ನಿಮ್ಮ ಮನೆಯದ್ದಾದರೆ ಲಗ್ನಪತ್ರಿಕೆಯಲ್ಲಿ ಸ್ಥಳ, ಮುಹೂರ್ತದ ಕೆಳಗೆ ಇನ್ನೊಂದು ಸಾಲು ಹಾಕಿಸಿ: ಆಯೇರಿ, ಉಡುಗೊರೆ ಬೇಡ, ಇರುವ ಬಟ್ಟೆಯಲ್ಲೇ ಬನ್ನಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಣ್ಣದ ಕಟ್ಟಳೆ ಬಂದರೆ, ಹಿರಿಯರಾಗಿ ನೀವೇ ಮೊದಲು ಬರೆಯಿರಿ, ನಾನು ಹೋದ ವರ್ಷದ್ದನ್ನೇ ಉಡುತ್ತೇನೆ ಎಂದು. ಬೇರೆಯವರ ಮನೆಯದ್ದಾದರೆ ಎಲ್ಲರೂ ನೋಡಿರುವ, ಫೋಟೋದಲ್ಲಿ ನಾಲ್ಕು ಸಲ ಬಂದಿರುವ ಸೀರೆಯನ್ನೇ ಹುಡುಕಿ ಉಟ್ಟು, ಮುಂದಿನ ಸಾಲಿನಲ್ಲೇ ಕುಳಿತುಕೊಳ್ಳಿ. ಯಾರಾದರೂ 'ಇದೇ ಅಲ್ವಾ ಆವತ್ತೂ ಉಟ್ಟಿದ್ದು?' ಎಂದರೆ ಹೌದು ಅನ್ನಿ, ನಿಮ್ಮ ತಂಗಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅನ್ನಿ.