ಗಂತಿನಲ್ಲಿ ಕಳೆಯುವ ಹೊತ್ತು

ಉದ್ಯಾವರಕ್ಕೆ ತಾಗಿಕೊಂಡಿರುವ ಕಟಪಾಡಿ ಬೀಡಿನ ಮೂಡು-ಪಡು ಜೋಡುಕರೆ ಕಂಬಳವಿರಲಿ, ಕಾರ್ಕಳದ ಮಿಯ್ಯಾರಿನ ಲವ-ಕುಶ ಕಂಬಳವಿರಲಿ, ಆಮಂತ್ರಣ ಪತ್ರಿಕೆಯಲ್ಲಿ ಆರಂಭದ ವೇಳೆ ಮಾತ್ರ ಖಚಿತವಾಗಿರುತ್ತದೆ. ಮುಗಿಯುವ ವೇಳೆಯನ್ನು ಹೇಳಬಲ್ಲವರಿಲ್ಲ. ಶನಿವಾರ ಬೆಳಿಗ್ಗೆ ಕರೆಗಿಳಿದ ಕೋಣಗಳು ಭಾನುವಾರ ಬಿಸಿಲೇರಿದ ಮೇಲೂ ಅಂತಿಮ ಸ್ಪರ್ಧೆಗಾಗಿ ಕಾದು ನಿಂತಿರುವುದನ್ನು ಈ ಭಾಗದ ಜನರು ಬಹುಕಾಲದಿಂದ ಕಂಡಿದ್ದಾರೆ.

ಓಟಕ್ಕೆ ಹಿಡಿಯುವ ಸಮಯ ಅತ್ಯಲ್ಪ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರೆಂಬ ಸುದ್ದಿ ದೇಶದಾದ್ಯಂತ ಹರಡಿತು. ವ್ಯಾಪಾರಸ್ಥರಿಗೆ ಒಗ್ಗುವ ಒಂದು ಲೆಕ್ಕವನ್ನು ಹಾಕಬಹುದು. ಅಡ್ಡಹಲಗೆ, ಹಗ್ಗ ಮತ್ತು ನೇಗಿಲಿನ ಹಿರಿಯ-ಕಿರಿಯ ಹೀಗೆ ಓಟದ ಐದು ವಿಭಾಗಗಳಿಗೆ ಒಟ್ಟು 150 ಜೋಡಿಗಳು ಬಂದವೆಂದೂ ಸೋತ ಜೋಡಿ ಕೂಡಲೇ ಹೊರಗುಳಿಯುವುದೆಂದೂ ಇಟ್ಟುಕೊಂಡರೆ, ವಿಜೇತರ ನಿರ್ಣಯಕ್ಕೆ 145 ಸ್ಪರ್ಧೆಗಳು ಸಾಕು. ತಲಾ 15 ಸೆಕೆಂಡಿನಂತೆ ಕೋಣಗಳು ಓಡುವುದು ಒಟ್ಟು 36 ನಿಮಿಷ! ಸ್ಪರ್ಧೆಯೊಂದಕ್ಕೆ ನಾಲ್ಕು ನಿಮಿಷ ಕೊಟ್ಟರೂ ಹತ್ತು ಗಂಟೆಯೊಳಗೆ ಕೆಲಸ ಮುಗಿಯಬೇಕು. ಅದೇ ಹತ್ತು ನಿಮಿಷವಾದರೆ ಒಂದು ಹಗಲು, ಒಂದು ರಾತ್ರಿ ಪೂರ್ಣವಾಗಿ ಹೋಗುತ್ತದೆ.

ಈ ಹೊತ್ತೆಲ್ಲ ಸೋರಿಹೋಗುವುದು ಹೆಚ್ಚಾಗಿ ಗಂತಿನಲ್ಲಿ. ಒಂದು ಜೋಡಿ ನೇರವಾಗಿ ನಿಂತಾಗ ಇನ್ನೊಂದು ತಿರುಗುತ್ತದೆ. ಅದನ್ನು ಸರಿಪಡಿಸುವಷ್ಟರಲ್ಲಿ ಮೊದಲನೆಯದು ಮುಖ ಹೊರಳಿಸುತ್ತದೆ. ಕೋಣ ಮೂಕಪ್ರಾಣಿ, ಅದನ್ನು ದೂರಿ ಫಲವಿಲ್ಲ. ಆದರೆ ಎದುರಾಳಿಯ ಕೋಣಗಳು ದಣಿಯಲಿ, ಓಡಿಸುವವನ ಏಕಾಗ್ರತೆ ಕೆಡಲಿ ಎಂದು ಬೇಕೆಂದೇ ಕಾಯಿಸುವುದೂ ಉಂಟೆಂಬುದು ಕಂಬಳ ಬಲ್ಲವರಿಗೆ ತಿಳಿಯದ ಸಂಗತಿಯಲ್ಲ. ಮಂಜೊಟ್ಟಿಯಲ್ಲಿ ಲೇಸರ್ ಕಿರಣದ ನೆರವಿನಿಂದ ಸೆಕೆಂಡಿನ ನೂರನೆಯ ಒಂದು ಭಾಗವನ್ನೂ ಅಳೆಯುವವರು ಗಂತಿನಲ್ಲಿ ಕಾಲು ಗಂಟೆ ಕಳೆದರೂ ಗಡಿಯಾರ ನೋಡದಿರುವುದು ವಿಚಿತ್ರವಾಗಿ ತೋರುತ್ತದೆ.

ಇಂತಹದೇ ತೊಡಕು ಗಾಲ್ಫ್ ಕ್ರೀಡೆಯನ್ನೂ ಕಾಡಿದೆ. ಮಂಗಳೂರಿನ ಪಿಲಿಕುಳದಲ್ಲಿಯೂ ಗಾಲ್ಫ್ ಮೈದಾನವಿರುವುದರಿಂದ ಅದು ಈ ಜಿಲ್ಲೆಗಳಿಗೆ ಪೂರ್ತಿ ಹೊರಗಿನ ಆಟವೇನಲ್ಲ. ಮುಂದಿನ ತಂಡವೊಂದು ನಿಧಾನಿಸಿದರೆ ಹಿಂದಿನ ತಂಡಗಳೆಲ್ಲ ಕಾಯಬೇಕಾಗುವ ಆಟವದು. ಅದರ ನಿಯಮಗಳನ್ನು 2019ರಲ್ಲಿ ಪರಿಷ್ಕರಿಸಿದಾಗ, ಕಳೆದುಹೋದ ಚೆಂಡನ್ನು ಹುಡುಕುವ ಅವಧಿಯನ್ನು ಐದು ನಿಮಿಷದಿಂದ ಮೂರಕ್ಕೆ ಇಳಿಸಲಾಯಿತು. ಅಡೆತಡೆಯಿಲ್ಲದೆ ಆಡುವ ಸರದಿ ಬಂದ ಮೇಲೆ 40 ಸೆಕೆಂಡಿನೊಳಗೆ ಹೊಡೆತ ಮುಗಿಸಬೇಕೆಂದು ಶಿಫಾರಸು ಮಾಡಲಾಯಿತು. ಹಿಂದಿನಿಂದ ವೇಗವಾಗಿ ಬರುವ ತಂಡಕ್ಕೆ ದಾರಿ ಬಿಡುವುದನ್ನೂ, ಸಿದ್ಧನಿರುವವನು ಮೊದಲು ಆಡುವುದನ್ನೂ ಪ್ರೋತ್ಸಾಹಿಸಲಾಯಿತು. ಸಿರಿವಂತರ ಬಿಡುವಿನ ಆಟವೆಂದು ಹೆಸರಾದುದಕ್ಕೇ ಸಮಯದ ಕಟ್ಟಳೆ ಬೇಕಾಯಿತೆಂದರೆ, ರಾತ್ರಿಯ ಇಬ್ಬನಿಯಲ್ಲಿ ಪ್ರಾಣಿಗಳನ್ನು ನಿಲ್ಲಿಸಿಕೊಳ್ಳುವ ಕ್ರೀಡೆಗೆ ಅದು ಇನ್ನಷ್ಟು ಅಗತ್ಯ.

ಕಂಬಳಕ್ಕೆ 2016ರ ನವೆಂಬರಿನಲ್ಲಿ ಹೈಕೋರ್ಟಿನ ಮಧ್ಯಂತರ ತಡೆ ಬಂದಿತ್ತು. ರಾಜ್ಯದ 2017ರ ತಿದ್ದುಪಡಿ ಕಾಯಿದೆಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿಹಿಡಿದದ್ದು 2023ರ ಮೇ 18ರಂದು. ಪ್ರಾಣಿಗಳಿಗಾಗುವ ನೋವನ್ನು ಕನಿಷ್ಠಗೊಳಿಸಲಾಗಿದೆ ಎಂಬ ಆಧಾರದ ಮೇಲೆ ದೊರೆತ ಅನುಮತಿ ಇದು. ಇಪ್ಪತ್ತೆಂಟು, ಮೂವತ್ತು ಗಂಟೆ ಎಳೆಯುವ ಕಂಬಳವು ಆ ಆಧಾರವನ್ನೇ ಸಡಿಲಗೊಳಿಸುತ್ತದೆ.

ವಿಳಂಬದ ಹೊಣೆಯನ್ನೆಲ್ಲ ಯಜಮಾನರ ಮೇಲೂ ಕೋಣ ಬಿಡುವವರ ಮೇಲೂ ಹೊರಿಸಿ ವ್ಯಾಪಾರೀ ಸಮುದಾಯವು ಕೈತೊಳೆದುಕೊಳ್ಳುವಂತಿಲ್ಲ. ಪವನು ಚಿನ್ನದ ಬಹುಮಾನಕ್ಕೂ ಬೆಳಕು-ಧ್ವನಿವರ್ಧಕಗಳ ಖರ್ಚಿಗೂ ನೆರವಾಗುವ ಉದ್ದಿಮೆದಾರರಿಗೆ ವೇದಿಕೆಯಲ್ಲಿ ಶಾಲು, ಹಾರ, ಫಲಪುಷ್ಪಗಳ ಸತ್ಕಾರ ನಡೆಯುವಾಗ ಕರೆಯಲ್ಲಿ ಓಟ ನಿಂತಿರುತ್ತದೆ. ಒಬ್ಬರಿಗೆ ಹೊದಿಸಿದರೆ ಪಕ್ಕದವರನ್ನು ಬಿಡುವಂತಿಲ್ಲ; ಅತಿಥಿಗಳ ಪಟ್ಟಿ ಕೋಣಗಳ ಪಟ್ಟಿಗಿಂತ ಉದ್ದವಾಗುವ ಸಂದರ್ಭಗಳೂ ಇಲ್ಲದಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟ ಕಾರ್ಮಿಕರು ಸೋಮವಾರ ಕೆಲಸಕ್ಕೆ ಬಾರದಿದ್ದಾಗ ಸಿಡುಕುವವರೂ ಇದೇ ಸಣ್ಣ ಘಟಕಗಳ ಮಾಲಕರು. ಕಂಬಳ ದೀರ್ಘವಾದಷ್ಟೂ ಗೋಳಿಬಜೆ, ಚರುಮುರಿ, ಕಬ್ಬಿನ ಹಾಲಿನ ಅಂಗಡಿಗಳಿಗೆ ಲಾಭವೆಂಬ ವಾದವೊಂದಿದೆ. ನಸುಕಿನ ಮೂರು ಗಂಟೆಗೆ ಅರ್ಧ ಖಾಲಿಯಾದ ಗದ್ದೆಯಂಚಿನಲ್ಲಿ ಜನರೇಟರಿಗೆ ಡೀಸೆಲ್ ಸುರಿಯುತ್ತ ಕುಳಿತ ಅಂಗಡಿಯವನು ಈ ವಾದವನ್ನು ಒಪ್ಪುವುದು ಕಷ್ಟ.

ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಬೇಕೆಂಬ ಮಾತು ಕಂಬಳದ ವಲಯದಲ್ಲಿ ಹೊಸತಲ್ಲ. ಅದಕ್ಕೆ ಬಲ ಬರಬೇಕಾದರೆ ಗಂತಿನಲ್ಲಿ ಎಲ್ಲರಿಗೂ ಕಾಣುವಂತೆ ಗಡಿಯಾರವಿರಬೇಕು, ಮಿತಿ ಮೀರಿದ ಜೋಡಿಯನ್ನು ಯಜಮಾನರ ಮುಖ ನೋಡದೆ ಕೈಬಿಡುವ ಅಧಿಕಾರ ತೀರ್ಪುಗಾರರಿಗಿರಬೇಕು. ಪ್ರಾಯೋಜಕರು ಸಹ ಹಣ ಕೊಡುವಾಗಲೇ ಎರಡು ಷರತ್ತುಗಳನ್ನು ಬರೆದುಕೊಡಬಹುದು: ಓಟ ನಡೆಯುತ್ತಿರುವಾಗ ತಮಗೆ ಸನ್ಮಾನ ಬೇಡ, ಮುಗಿಯುವ ವೇಳೆಯನ್ನೂ ಆಮಂತ್ರಣ ಪತ್ರಿಕೆಯಲ್ಲಿ ಮುದ್ರಿಸಬೇಕು.