ಮಕ್ಕಳ ಮೊಣಕಾಲು ನೋವು ನೆಪವಲ್ಲ ಮಾಷ್ಟ್ರೇ!

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಗುವೊಂದು "ಮೊಣಕಾಲು ನೋಯ್ತದೆ ಟೀಚರ್" ಎಂದರೆ ಸಿಗುವ ಉತ್ತರ ಮೂರೇ ಮೂರು. ಡ್ರಿಲ್ ತಪ್ಪಿಸಲಿಕ್ಕೆ ನೆಪ. ಇಲ್ಲವೇ, ಬೆಳೆಯುವ ವಯಸ್ಸು, ಹಾಗೇ ಆಗ್ತದೆ. ಅದೂ ಇಲ್ಲದಿದ್ದರೆ, ಎಣ್ಣೆ ಹಾಕಿ ತಿಕ್ಕಿಸು, ಹೋಗ್ತದೆ. ಈ ಮೂರೂ ಸುಲಭದ ಮಾತುಗಳು. ಹೇಳಿದವರಿಗೆ ಏನೂ ಖರ್ಚಿಲ್ಲ. ಖರ್ಚೆಲ್ಲ ಮಗುವಿನ ಕಾಲಿಗೆ!

ಬೋನ್ ಸಿಸ್ಟ್ ಎಂಬುದೊಂದಿದೆ. ಎಲುಬಿನ ಒಳಗೆ ನೀರು ಅಥವಾ ರಕ್ತ ತುಂಬಿದ ಪೊಳ್ಳು. ಕ್ಯಾನ್ಸರ್ ಅಲ್ಲ, ಹೆದರಬೇಡಿ. ಇದು ಹೆಚ್ಚಾಗಿ ಕಾಣಿಸುವುದು 20 ವರ್ಷದ ಒಳಗಿನವರಲ್ಲಿ, ಅಂದರೆ ನಮ್ಮ ಬೆಂಚಿನ ಮೇಲೆ ಕೂತಿರುವವರಲ್ಲೇ. ನೀರು ತುಂಬಿದ ಬಗೆ ತೋಳಿನ ಮತ್ತು ತೊಡೆಯ ಎಲುಬಿನ ಮೇಲ್ತುದಿಯಲ್ಲಿ ಹೆಚ್ಚು. ಎಷ್ಟೋ ಸಲ ನೋವೇ ಇರುವುದಿಲ್ಲ, ಎಲುಬು ಮುರಿದಾಗಲೇ ಗೊತ್ತಾಗುವುದು. ರಕ್ತ ತುಂಬಿದ ಬಗೆ ಮೊಣಕಾಲಿನ ಸುತ್ತಮುತ್ತಲಿನ ಎಲುಬುಗಳಲ್ಲಿ ಬರುವುದುಂಟು. ಅದು ನೋಯುತ್ತದೆ, ಬಾತುಕೊಳ್ಳುತ್ತದೆ. ಎರಡರಲ್ಲೂ ಎಲುಬಿನ ಗೋಡೆ ತೆಳ್ಳಗಾಗಿ, ಸಣ್ಣ ಬೀಳುವಿಕೆಗೂ ಮುರಿಯಬಹುದು. ಅಂಥ ಕಾಲನ್ನು ಬಲವಾಗಿ ಉಜ್ಜಿ ಎಳೆಸುವುದು ಮದ್ದಲ್ಲ, ಅಪಾಯ.

ಹಾಗಾದರೆ "ಬೆಳೆಯುವ ನೋವು" ಎಂಬುದು ಸುಳ್ಳೇ? ಅಲ್ಲ. ಆದರೆ ಅದಕ್ಕೆ ಲಕ್ಷಣವಿದೆ. ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಸಂಜೆಯೋ ರಾತ್ರಿಯೋ ಬರುತ್ತದೆ, ಬೆಳಿಗ್ಗೆ ಮಗು ಎಂದಿನಂತೆ ಓಡುತ್ತದೆ. ಬಾವು ಇಲ್ಲ, ಕುಂಟುವುದಿಲ್ಲ. ಒಂದೇ ಕಾಲು, ಒಂದೇ ಜಾಗ, ವಾರಗಟ್ಟಲೆ ಬಿಡದ ನೋವು, ಊತ, ಕುಂಟು, ರಾತ್ರಿ ಎಬ್ಬಿಸುವ ನೋವು ಇದ್ದರೆ ಅದು ಬೆಳೆಯುವ ನೋವೆಂದು ತೀರ್ಮಾನಿಸಲು ನೀವೂ ನಾನೂ ಯಾರು? ಒಂದು ಎಕ್ಸ್‌ರೇ ತೆಗೆಸಬೇಕು. ಸಿಸ್ಟ್‌ಗಿಂತ ಕೆಟ್ಟದ್ದೂ ಇದೇ ವಯಸ್ಸಿನಲ್ಲಿ ಇದೇ ಮೊಣಕಾಲಿನ ಹತ್ತಿರ ಬರುತ್ತದೆ. ಅಲ್ಲಿ ತಡವಾದ ಒಂದೊಂದು ತಿಂಗಳಿಗೂ ಬೆಲೆ ತೆರಬೇಕಾಗುತ್ತದೆ. ಸೊಂಟದ ಕೀಲಿನ ತೊಂದರೆಯೂ ಮಕ್ಕಳಲ್ಲಿ ಮೊಣಕಾಲು ನೋವಾಗಿ ಕಾಣಿಸಬಹುದು.

ಇನ್ನು ನಮ್ಮ ಶಿಕ್ಷೆಗಳ ಕಡೆ ಬನ್ನಿ. ಹೋಂವರ್ಕ್ ಮಾಡದಿದ್ದರೆ ಬಸ್ಕಿ, ಮಾತಾಡಿದರೆ ಮೊಣಕಾಲೂರಿಸುವುದು. ಶಿಕ್ಷಣ ಹಕ್ಕು ಕಾಯಿದೆ ಬಂದದ್ದು 2009ರಲ್ಲಿ. ಅದರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. "ಹೊಡೆಯಲಿಲ್ಲವಲ್ಲ, ಬಸ್ಕಿ ಮಾತ್ರ ತೆಗೆಸಿದ್ದು" ಎನ್ನುವವರಿದ್ದಾರೆ. ಎಲುಬು ಟೊಳ್ಳಾದ ಮಗುವಿಗೆ ಬೆತ್ತಕ್ಕಿಂತ ಬಸ್ಕಿಯೇ ಕ್ರೂರ. ಯಾವ ಮಗುವಿನ ಎಲುಬು ಟೊಳ್ಳು ಎಂಬುದು ಹೊರಗಿನಿಂದ ಕಾಣುವುದೂ ಇಲ್ಲ.

ಗಡಿನಾಡಿನ ನಮಗೆ ಇನ್ನೊಂದು ಕಷ್ಟ, ಭಾಷೆಯದ್ದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಅವಕಾಶವಿದೆ. ಒಳ್ಳೆಯದೇ. ಆದರೆ ಮಲಯಾಳದಲ್ಲಿ ಮೊಣಕಾಲಿಗೆ "ಮುಟ್ಟು" ಎನ್ನುತ್ತಾರೆ, ಮೊಣಕಾಲು ನೋವಿಗೆ "ಮುಟ್ಟು ವೇದನ". ಕನ್ನಡದ ಹುಡುಗಿಗೆ ಈ ಪ್ರಶ್ನೆ ಕೇಳಿದರೆ ಅವಳು ಏನೆಂದು ತಿಳಿಯಬೇಕು? ನಾಚಿ ತಲೆ ತಗ್ಗಿಸಿ "ಇಲ್ಲ" ಎಂದರೆ ಕಾರ್ಡಿನಲ್ಲಿ ನೋವಿಲ್ಲವೆಂದೇ ಬರೆಯಲ್ಪಡುತ್ತದೆ. ತಪ್ಪು ನರ್ಸಮ್ಮನದ್ದೂ ಅಲ್ಲ, ಹುಡುಗಿಯದ್ದೂ ಅಲ್ಲ. ಪಕ್ಕದಲ್ಲಿ ನಿಂತು ಕನ್ನಡದಲ್ಲಿ ತಿಳಿಸಿ ಹೇಳಬೇಕಾದವರು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದರೆ ತಪ್ಪು ಅವರದ್ದು. ಮಾತೃಭಾಷೆಯ ಶಿಕ್ಷಣ ಬೇಕೆಂದು ಹೋರಾಡುವ ನಾವು, ಮಗು ತನ್ನ ನೋವನ್ನು ಮಾತೃಭಾಷೆಯಲ್ಲಿ ಹೇಳಿದಾಗಲೂ ಕೇಳಿಸಿಕೊಳ್ಳಬೇಕಲ್ಲವೇ?

ಸಿಸ್ಟ್ ಎಂದು ಗೊತ್ತಾದ ಮೇಲೆ ಮಗು ಎದುರಿಸಬೇಕಾದ ದಿನಗಳು ಉದ್ದ. ಕೆಲವಕ್ಕೆ ಆಗಾಗ ಎಕ್ಸ್‌ರೇ ತೆಗೆದು ಕಾಯುತ್ತಾರೆ, ಬೆಳವಣಿಗೆ ಮುಗಿಯುವಾಗ ತಾನಾಗಿ ತುಂಬಿಕೊಳ್ಳುವುದುಂಟು. ಕೆಲವಕ್ಕೆ ಒಳಗೆ ಇಂಜೆಕ್ಷನ್ ಕೊಡುತ್ತಾರೆ. ಕೆಲವನ್ನು ಕೆರೆದು ತೆಗೆದು ಬೇರೆ ಎಲುಬಿನ ಚೂರು ತುಂಬುತ್ತಾರೆ. ಮತ್ತೆ ಬರಬಹುದಾದ್ದರಿಂದ ವರ್ಷಗಟ್ಟಲೆ ತೋರಿಸುತ್ತಿರಬೇಕು. ಎಷ್ಟು ನಡೆಯಬಹುದು, ಏನು ಆಡಬಹುದು ಎಂದು ಹೇಳುವವರು ಡಾಕ್ಟರು. ಅದನ್ನು ನಡೆಸಿಕೊಡುವವರು ನಾವು. ತರಗತಿಯನ್ನು ಕೆಳಗಿನ ಮಹಡಿಗೆ ತನ್ನಿ. ಅಸೆಂಬ್ಲಿಯಲ್ಲಿ ಒಂದು ಕುರ್ಚಿ ಕೊಡಿ. ಮಧ್ಯಾಹ್ನದ ಊಟಕ್ಕೆ ನೆಲದ ಬದಲು ಬೆಂಚು ಕೊಡಿ. ಚೀಲದ ಭಾರ ಕಡಿಮೆ ಮಾಡಿ. ಕಬಡ್ಡಿಯ ಹೊತ್ತಿಗೆ ಸ್ಕೋರ್ ಬರೆಯುವ ಕೆಲಸ ಕೊಡಿ, ಆಗ ಗುಂಪಿನಿಂದ ಹೊರಗುಳಿಯುವುದಿಲ್ಲ. ಆಪರೇಷನ್ ಆಗಿ ಮನೆಯಲ್ಲಿದ್ದರೆ ವಾರಕ್ಕೊಮ್ಮೆ ಹೋಗಿ ಪಾಠ ಹೇಳಿ ಬನ್ನಿ. ಇದಕ್ಕೆ ಯಾವ ಸರಕಾರದ ಆರ್ಡರೂ ಬೇಡ.

"ಒಬ್ಬನಿಗೆ ವಿನಾಯಿತಿ ಕೊಟ್ಟರೆ ಎಲ್ಲರೂ ಕುಂಟಿಕೊಂಡು ಬರ್ತಾರೆ ಮಾರಾಯ್ರೇ" ಎನ್ನುವವರಿಗೆ ಒಂದೇ ಮಾತು. ಹತ್ತು ಮಕ್ಕಳು ಸುಳ್ಳು ಹೇಳಿ ಡ್ರಿಲ್ ತಪ್ಪಿಸಿದರೆ ಹತ್ತು ಪಿರಿಯಡ್ ನಷ್ಟ. ನಿಜ ಹೇಳಿದ ಒಂದು ಮಗುವನ್ನು ಓಡಿಸಿದರೆ ಒಂದು ಕಾಲು ನಷ್ಟ. ಲೆಕ್ಕ ಕಲಿಸುವವರಿಗೆ ಈ ಲೆಕ್ಕ ಬಾರದೇ?

ಜೂನಿನಲ್ಲಿ ಆರನೇ ದಿನದ ತಲೆ ಎಣಿಕೆಗೆ ಒಂದೊಂದು ಮಗುವನ್ನೂ ಮನೆಮನೆಗೆ ಹೋಗಿ ಕರೆತರುತ್ತೇವೆ. ಒಂದು ತಲೆ ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಪೋಸ್ಟ್ ಹೋಗುತ್ತದೆ. ತಲೆ ಎಣಿಸಿ ಸಂಬಳ ಪಡೆದ ಮೇಲೆ ಆ ತಲೆಯ ಕೆಳಗಿರುವ ಕಾಲುಗಳ ಜವಾಬ್ದಾರಿಯೂ ನಮ್ಮದೇ. ಮುಂದಿನ ಪಿ.ಟಿ.ಎ. ಸಭೆಯಲ್ಲಿ ಇದನ್ನು ಚರ್ಚೆಗೆ ತನ್ನಿ. ಬಸ್ಕಿ, ಮೊಣಕಾಲೂರಿಸುವುದು ನಮ್ಮ ಶಾಲೆಯಲ್ಲಿ ಇಲ್ಲವೆಂದು ಬರೆದು ನಿರ್ಣಯ ಮಾಡಿ. ಏನಂತೀರಿ?